ಸಿಟ್ಟಿಗೂ ಹೊತ್ತು ಗೊತ್ತು ಇರುತ್ತದೆ

ನನಗೆ ಸಿಟ್ಟು ಬೇಗ ಬರುತ್ತದೆ. ಚಿಕ್ಕಂದಿನಿಂದಲೂ ಹಾಗೇ. ಸಿಟ್ಟೊಂದೇ ಅಲ್ಲ, ಖುಷಿಯೂ ಬೇಗ, ಅಳುವೂ ಬೇಗ, ಗಾಬರಿಯೂ ಬೇಗ. ಅಡುಗೆಮನೆಯಲ್ಲಿ ಒಂದು ತಟ್ಟೆ ಬಿದ್ದರೆ ಎಲ್ಲರಿಗಿಂತ ಮೊದಲು ಬೆಚ್ಚುವವಳು ನಾನು. "ಇವಳಿಗೆ ಮೂಗಿನ ತುದಿಯಲ್ಲೇ ಸಿಟ್ಟು" ಅಂತ ಅಮ್ಮ ಹೇಳುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಅತ್ತೆಯೂ ಅದನ್ನೇ ಹೇಳಿದರು. ಜೊತೆಗೆ ಬರುವ ಬುದ್ಧಿಮಾತೂ ಎರಡೂ ಮನೆಯಲ್ಲಿ ಒಂದೇ: ಸ್ವಭಾವ ಬದಲಾಯಿಸಿಕೋ.

ಈ ಬುದ್ಧಿಮಾತನ್ನು ನಾನು ಒಪ್ಪುವುದಿಲ್ಲ. ಸ್ವಭಾವ ಬದಲಾಯಿಸಲು ಹೊರಟವರು ಸ್ವಲ್ಪ ದಿನಕ್ಕೇ ಸುಸ್ತಾಗುತ್ತಾರೆ, ಆಮೇಲೆ "ಹುಟ್ಟುಗುಣ ಸುಟ್ಟರೂ ಹೋಗಲ್ಲ" ಅಂತ ಕೈಚೆಲ್ಲಿ ಕೂರುತ್ತಾರೆ. ಇವೆರಡೂ ಅಲ್ಲದ ಇನ್ನೊಂದು ದಾರಿ ಇದೆ. ಸ್ವಭಾವವನ್ನು ಇದ್ದ ಹಾಗೇ ಒಪ್ಪಿಕೊಂಡು, ಅದು ಯಾವಾಗ ಏಳುತ್ತದೆ, ಯಾವುದರಿಂದ ಏಳುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ ಅಂತ ಗಮನಿಸಿ, ನಮ್ಮ ದಿನವನ್ನು ಅದಕ್ಕೆ ತಕ್ಕ ಹಾಗೆ ಹೊಂದಿಸಿಕೊಳ್ಳುವುದು. ನನಗೆ ಪ್ರಯೋಜನ ಆಗಿರುವುದು ಇದರಿಂದ ಮಾತ್ರ.

ನಾವಿರುವುದು ಸೋಮವಾರಪೇಟೆ ಕಡೆ. ಹೊರಗಿನವರಿಗೆ ಕೊಡಗು ಅಂದರೆ ಬಿಸಿರಕ್ತ, ಕೋವಿ, ಸೈನ್ಯ. "ನಿಮ್ಮ ಕಡೆಯವರಿಗೆ ಸಿಟ್ಟು ಜಾಸ್ತಿ ಅಲ್ವಾ" ಅಂತ ಬೆಂಗಳೂರಿನ ನೆಂಟರು ಈಗಲೂ ಕೇಳುತ್ತಾರೆ. ಒಂದು ಜಿಲ್ಲೆಗೆಲ್ಲ ಒಂದೇ ಸ್ವಭಾವ ಇರಲು ಸಾಧ್ಯವೇ ಇಲ್ಲ. ಸೈನ್ಯದ ಮಾತನ್ನೇ ತೆಗೆದುಕೊಳ್ಳಿ. ನಮ್ಮ ಶನಿವಾರಸಂತೆಯಲ್ಲಿ ಹುಟ್ಟಿದ ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದವರು. ಶಿಸ್ತು, ಸಮಯ, ಉಡುಪು ಎಲ್ಲದರಲ್ಲೂ ಕಟ್ಟುನಿಟ್ಟು. ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದ ತಿಮ್ಮಯ್ಯನವರು 1957ರಲ್ಲಿ ಅದೇ ಸೇನೆಗೆ ಮುಖ್ಯಸ್ಥರಾದರು. ಅವರನ್ನು ಬಲ್ಲವರು ಅವರ ನಗು, ಸಲಿಗೆ, ಸಿಪಾಯಿಗಳ ಜೊತೆ ಬೆರೆಯುವ ರೀತಿಯ ಬಗ್ಗೆ ಹೇಳುತ್ತಾರೆ. ಒಂದೇ ನೆಲ, ಒಂದೇ ಜನ, ಒಂದೇ ಕೆಲಸ. ಸ್ವಭಾವ ಮಾತ್ರ ಬೇರೆ ಬೇರೆ. ಇಬ್ಬರೂ ತಮ್ಮ ಸ್ವಭಾವ ಬಿಟ್ಟುಕೊಡದೆ ದೊಡ್ಡ ಕೆಲಸ ಮಾಡಿದರು.

ಈ ವಿಷಯ ನನಗೆ ಸರಿಯಾಗಿ ಅರ್ಥವಾಗಿದ್ದು ಮಕ್ಕಳಿಂದ. ಮಗ ಹುಟ್ಟಿದಾಗಿನಿಂದ ಹೊತ್ತಿಗೆ ಸರಿಯಾಗಿ ನಿದ್ದೆ, ಹೊತ್ತಿಗೆ ಸರಿಯಾಗಿ ಹಸಿವು, ಯಾರು ಎತ್ತಿಕೊಂಡರೂ ನಗು. ಮಗಳು ಹಾಗಲ್ಲ. ಹೊಸ ಮುಖ ಕಂಡರೆ ನನ್ನ ಬೆನ್ನ ಹಿಂದೆ. ಹೊಸ ತಿಂಡಿ ಬಾಯಿಗಿಟ್ಟರೆ ಉಗುಳುವುದು. ಹೊಸ ಚಪ್ಪಲಿ ಹಾಕಿಕೊಳ್ಳಲೂ ಅವಳಿಗೆ ಸಮಯ ಬೇಕು. ಇಬ್ಬರಿಗೂ ಅದೇ ಮನೆ, ಅದೇ ಅಪ್ಪ ಅಮ್ಮ, ಅದೇ ಅಜ್ಜಿಯ ಕೈತುತ್ತು.

ಇಂಥ ಮಕ್ಕಳನ್ನು ನೋಡಿಯೇ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ಮನೋವೈದ್ಯ ದಂಪತಿ 1956ರಲ್ಲಿ ನ್ಯೂಯಾರ್ಕ್‌ನಲ್ಲಿ ಒಂದು ದೊಡ್ಡ ಅಧ್ಯಯನ ಶುರು ಮಾಡಿದರು. ಆಗೆಲ್ಲ ಮಗು ಹಟ ಮಾಡಿದರೆ, ಅಂಜಿದರೆ, ತಾಯಿ ಬೆಳೆಸಿದ್ದು ಸರಿಯಿಲ್ಲ ಅಂತ ಡಾಕ್ಟರುಗಳೇ ಹೇಳುತ್ತಿದ್ದ ಕಾಲ. (ನಮ್ಮಲ್ಲಿ ಆ ಕಾಲ ಇನ್ನೂ ಮುಗಿದಿಲ್ಲ.) ಇವರು 133 ಮಕ್ಕಳನ್ನು ಕೂಸಿನಿಂದ ಹಿಡಿದು ದೊಡ್ಡವರಾಗುವ ತನಕ ಗಮನಿಸುತ್ತಾ ಹೋದರು. ಮಗು ಎಷ್ಟು ಚುರುಕು, ಹಸಿವು ನಿದ್ದೆ ಎಷ್ಟು ಕ್ರಮವಾಗಿದೆ, ಹೊಸದನ್ನು ಕಂಡರೆ ಮುಂದೆ ಬರುತ್ತದೋ ಹಿಂದೆ ಸರಿಯುತ್ತದೋ, ಬದಲಾವಣೆಗೆ ಎಷ್ಟು ಬೇಗ ಒಗ್ಗುತ್ತದೆ, ಅಳು ನಗು ಎಷ್ಟು ಜೋರು, ಹೀಗೆ ಒಂಬತ್ತು ವಿಷಯಗಳನ್ನು ಅಳೆದರು. ಸುಮಾರು 40% ಮಕ್ಕಳು ಸುಲಭದವರು. ಸುಮಾರು 10% ಕಷ್ಟದವರು, ಎಲ್ಲಕ್ಕೂ ಜೋರಾಗಿ ಪ್ರತಿಕ್ರಿಯಿಸುವವರು. ಸುಮಾರು 15% ನಿಧಾನವಾಗಿ ಹೊಂದಿಕೊಳ್ಳುವವರು. ಉಳಿದವರನ್ನು ಯಾವ ಗುಂಪಿಗೂ ಸೇರಿಸಲು ಆಗಲಿಲ್ಲ. ನಮ್ಮ ಮಗಳು ಆ ಮೂರನೇ ಗುಂಪಿನವಳು. ನಾನು ಬಹುಶಃ ಎರಡನೆಯದರಲ್ಲಿ ಬೆಳೆದವಳು.

ಹಾರ್ವರ್ಡ್‌ನ ಜೆರೋಮ್ ಕೇಗನ್ ಇನ್ನೂ ಚಿಕ್ಕ ಕೂಸುಗಳನ್ನು ನೋಡಿದರು. ನಾಲ್ಕು ತಿಂಗಳ ಕೂಸಿನ ಮುಂದೆ ಬಣ್ಣದ ಆಟಿಕೆ ತೂಗಿಸುವುದು, ಹೊಸ ದನಿ ಕೇಳಿಸುವುದು, ಸ್ಪಿರಿಟ್ ವಾಸನೆ ಹಿಡಿಯುವುದು. ಐದರಲ್ಲಿ ಒಂದು ಕೂಸು ಕೈಕಾಲು ಜಾಡಿಸಿ ಅಳುತ್ತಿತ್ತು. ಇಂಥವರು ಮುಂದೆ ಅಂಜುವ ಮಕ್ಕಳಾಗುವುದು ಉಳಿದವರಿಗಿಂತ ಜಾಸ್ತಿ ಇತ್ತು. ಆದರೆ ಎಲ್ಲರೂ ಹಾಗೇ ಉಳಿಯಲಿಲ್ಲ, ಹದಿಹರೆಯಕ್ಕೆ ಬರುವ ಹೊತ್ತಿಗೆ ತುಂಬಾ ಜನ ಮಾತುಕತೆಯಲ್ಲಿ ಸಲೀಸಾಗಿದ್ದರು. ಒಳಗಿನ ಗಾಬರಿ ಮಾತ್ರ ಪೂರ್ತಿ ಹೋಗಿರಲಿಲ್ಲ. ಎರಡನೇ ವಯಸ್ಸಿನಲ್ಲಿ ತುಂಬಾ ಅಂಜುತ್ತಿದ್ದವರಿಗೆ ಇಪ್ಪತ್ತು ದಾಟಿದ ಮೇಲೆ ಅಪರಿಚಿತ ಮುಖ ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದರೆ, ಅಪಾಯದ ಸೂಚನೆ ಹಿಡಿಯುವ ಅಮಿಗ್ಡಲಾ ಎಂಬ ಭಾಗ ಉಳಿದವರಿಗಿಂತ ಜಾಸ್ತಿ ಚುರುಕಾಗುತ್ತಿತ್ತು. ಇದು 2003ರಲ್ಲಿ ಪ್ರಕಟವಾದ ಕೆಲಸ.

ಇದನ್ನು ಓದಿದಾಗ ನನಗೆ ಬೇಜಾರಾಗಲಿಲ್ಲ, ಸಮಾಧಾನವಾಯಿತು. ಒಳಗಿನ ಮೊದಲ ಪ್ರತಿಕ್ರಿಯೆ ನಮ್ಮ ಕೈಯಲ್ಲಿಲ್ಲ. ಅದಾದ ಮೇಲೆ ಏನು ಮಾಡುತ್ತೇವೆ ಅನ್ನುವುದು ಬೆಳೆಯುತ್ತಾ ಹೋಗುವ ಶಕ್ತಿ. ಮೇರಿ ರಾಥ್‌ಬಾರ್ಟ್ ಎಂಬ ಮನಶ್ಶಾಸ್ತ್ರಜ್ಞೆ ಇವೆರಡನ್ನೂ ಸ್ವಭಾವದ ಎರಡು ಭಾಗ ಅಂತಲೇ ನೋಡಿದರು. ಒಂದು, ಎಷ್ಟು ಬೇಗ, ಎಷ್ಟು ಜೋರಾಗಿ ಎದ್ದೇಳುತ್ತೇವೆ ಅನ್ನುವುದು. ಇನ್ನೊಂದು, ಎದ್ದದ್ದನ್ನು ತಡೆದು ನಿಲ್ಲಿಸುವ ಶಕ್ತಿ. ಈ ಎರಡನೆಯದು ಎಳೆ ವಯಸ್ಸಿನಲ್ಲಿ ಶುರುವಾಗಿ ಶಾಲೆಗೆ ಸೇರುವ ವಯಸ್ಸಿನವರೆಗೆ ವೇಗವಾಗಿ ಬೆಳೆಯುತ್ತದೆ, ಆಮೇಲೂ ನಿಲ್ಲುವುದಿಲ್ಲ.

ಥಾಮಸ್ ಮತ್ತು ಚೆಸ್ ಹೇಳಿದ್ದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸಿದ್ದು ಹೊಂದಾಣಿಕೆಯ ಮಾತು. ಮಗುವಿನ ಸ್ವಭಾವ ಒಳ್ಳೆಯದೋ ಕೆಟ್ಟದೋ ಅನ್ನುವುದಕ್ಕಿಂತ, ಆ ಸ್ವಭಾವಕ್ಕೂ ಸುತ್ತಲಿನವರು ಅದರಿಂದ ಬಯಸುವುದಕ್ಕೂ ತಾಳೆ ಆಗುತ್ತದೋ ಇಲ್ಲವೋ ಅನ್ನುವುದರ ಮೇಲೆ ಮುಂದಿನದ್ದು ನಿಂತಿದೆ ಅಂತ ಅವರು ಕಂಡುಕೊಂಡರು. ನಮ್ಮಂಥ ಕಾಫಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರೇಬಿಕಾಗೆ ಎತ್ತರ ಬೇಕು, ತಂಪು ಬೇಕು, ಒಳ್ಳೆಯ ನೆರಳು ಬೇಕು; ನೆರಳು ತೆಗೆದರೆ ಕಾಂಡಕೊರಕ ಬರುತ್ತದೆ. ರೋಬಸ್ಟಾ ಬಿಸಿಲು ತಡೆಯುತ್ತದೆ, ಆದರೆ ಹೂ ಅರಳಿಸುವ ಹೂಮಳೆ ಹೊತ್ತಿಗೆ ಸರಿಯಾಗಿ ಬರದಿದ್ದರೆ ಸ್ಪ್ರಿಂಕ್ಲರ್ ಹಾಕಲೇಬೇಕು. ನೆರಳು ಕೇಳಿತು ಅಂತ ಅರೇಬಿಕಾ ಗಿಡವನ್ನು ಯಾರೂ ಬೈಯುವುದಿಲ್ಲ, ನೆರಳಿಗೆ ಬೆಳೆಸಿದ ಬೆಳ್ಳಿಮರದ ಕೊಂಬೆ ಎಷ್ಟು ಕಡಿಯಬೇಕು ಅಂತ ಲೆಕ್ಕ ಹಾಕುತ್ತಾರೆ. ಮನೆಯ ಮಗುವಿಗೂ, ನಮಗೆ ನಾವೂ ಆ ಲೆಕ್ಕ ಹಾಕುವುದೇ ಇಲ್ಲ.

ಮಗಳ ವಿಷಯದಲ್ಲಿ ನಾವು ಮಾಡುವುದು ಇಷ್ಟು. ಮದುವೆಗೆ ಬೇಗ ಹೋಗುತ್ತೇವೆ. ಕಲ್ಯಾಣ ಮಂಟಪದಲ್ಲಿ ಇನ್ನೂ ಕುರ್ಚಿ ಜೋಡಿಸುತ್ತಿರುವಾಗ ಅವಳು ಒಳಗಿದ್ದರೆ, ಜನ ಒಬ್ಬೊಬ್ಬರಾಗಿ ಬರುವುದನ್ನು ನೋಡುತ್ತಾ ಒಗ್ಗಿಕೊಳ್ಳುತ್ತಾಳೆ. ತುಂಬಿದ ಹಾಲ್‌ಗೆ ಕರೆದುಕೊಂಡು ಹೋದರೆ ಊಟದ ತನಕ ನನ್ನ ಕೈ ಬಿಡುವುದಿಲ್ಲ. "ಯಾಕೆ ಪುಟ್ಟಿ, ಮಾತಾಡಲ್ವಾ? ಬಾಯಿ ಇಲ್ವಾ?" ಅಂತ ಕೆನ್ನೆ ಹಿಂಡುವ ದೊಡ್ಡಮ್ಮಂದಿರಿಗೆ ನಾನೇ ಹೇಳುತ್ತೇನೆ, "ಸ್ವಲ್ಪ ಹೊತ್ತು ಬಿಡಿ ದೊಡ್ಡಮ್ಮ, ಅವಳೇ ಬಂದು ಮಾತಾಡಿಸ್ತಾಳೆ" ಅಂತ. ಬಂದು ಮಾತಾಡಿಸುತ್ತಾಳೆ ಕೂಡ.

ಇನ್ನು ನನ್ನ ಲೆಕ್ಕ. ಒಂದು ಕೊಯ್ಲಿನ ಕಾಲ ಪೂರ್ತಿ, ಆಳುಗಳ ಹಾಜರಿ ಬರೆಯುವ ಪುಸ್ತಕದ ಕೊನೆಯ ಹಾಳೆಗಳಲ್ಲಿ ನಾನು ಗುಟ್ಟಾಗಿ ಇನ್ನೊಂದು ಲೆಕ್ಕ ಬರೆದೆ. ಸಿಟ್ಟು ಬಂದಾಗಲೆಲ್ಲ ಒಂದೊಂದು ಸಾಲು. ಎಷ್ಟು ಗಂಟೆ, ಎಲ್ಲಿ, ಮುಂಚೆ ಏನು ತಿಂದಿದ್ದೆ, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು. ಯಾರ ಮೇಲೆ ಅಂತ ಬೇಕೆಂದೇ ಬರೆಯಲಿಲ್ಲ, ಅದನ್ನು ಬರೆದರೆ ಮತ್ತೆ ಅವರ ತಪ್ಪುಗಳ ಪಟ್ಟಿಯೇ ಆಗುತ್ತಿತ್ತು. ಕೊನೆಗೆ ಓದಿ ನೋಡಿದರೆ, ಹೆಚ್ಚಿನ ಸಾಲುಗಳಲ್ಲಿ ಗಂಟೆ ಒಂದೇ. ಸಂಜೆ ನಾಲ್ಕರಿಂದ ಆರು. ಕೊಯ್ದ ಕಾಫಿ ಹಣ್ಣು ತೂಕ ಹಾಕುವ ಹೊತ್ತು.

ತೋಟ ಇರುವವರಿಗೆ ಆ ಹೊತ್ತು ಗೊತ್ತು. ಕೊಯ್ದವರೆಲ್ಲ ಚೀಲ ಹೊತ್ತು ಒಟ್ಟಿಗೇ ಬರುತ್ತಾರೆ. ಒಬ್ಬರು ತೂಕದ ಮಿಷನ್ ಮೇಲೆ ಚೀಲ ಇಟ್ಟರೆ ಹಿಂದಿನವರು ನಂಬರ್ ನೋಡಲು ಬಗ್ಗುತ್ತಾರೆ. ಹಸಿರು ಕಾಯಿ ಜಾಸ್ತಿ ಬಂದಿದೆ ಅಂತ ಮೇಸ್ತ್ರಿ ಹೇಳಿದರೆ ಅದಕ್ಕೊಂದು ವಾದ, ಅರ್ಧ ಕೆ.ಜಿ. ಬಿಟ್ಟು ಹೋಯಿತು ಅಂತ ಇನ್ನೊಂದು. ಹಣ್ಣು ಅವತ್ತೇ ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಹೋಗಬೇಕು, ಅಷ್ಟರಲ್ಲಿ ತ್ರೀ ಫೇಸ್ ಕರೆಂಟ್ ಹೋಗಿರುತ್ತದೆ. ಅದೇ ಹೊತ್ತಿಗೆ ಮಕ್ಕಳು ಶಾಲೆಯಿಂದ ಬಂದು ತಿಂಡಿ ಕೇಳುತ್ತಾರೆ, ನಮ್ಮನೆಯವರು ಬ್ಯಾಂಕಿನ ವಿಷಯ ತೆಗೆಯುತ್ತಾರೆ, ನಾನು ಮಧ್ಯಾಹ್ನ ಅರ್ಧ ತಟ್ಟೆ ಅನ್ನ ಉಂಡು ಎದ್ದು ಬಂದಿರುತ್ತೇನೆ. ಮೊದಲು ಕಿವಿ ಬಿಸಿಯಾಗುತ್ತದೆ. ಆಮೇಲೆ ದವಡೆ ಬಿಗಿಯುತ್ತದೆ. ಆಮೇಲೆ ಮಾತು ವೇಗವಾಗುತ್ತದೆ, ಬೇರೆಯವರ ವಾಕ್ಯ ಮುಗಿಯುವ ಮೊದಲೇ ನನ್ನ ಉತ್ತರ ಶುರುವಾಗಿರುತ್ತದೆ. ಈ ಮೂರರ ಕ್ರಮ ಯಾವತ್ತೂ ತಪ್ಪುವುದಿಲ್ಲ. ಕಿವಿ ಬಿಸಿಯಾದಾಗಲೇ ಗೊತ್ತಾದರೆ ಇನ್ನೂ ಸಮಯ ಇದೆ. ಮಾತು ವೇಗವಾದ ಮೇಲೆ ಗೊತ್ತಾಗಿ ಪ್ರಯೋಜನ ಇಲ್ಲ.

ಆದ್ದರಿಂದ ಈಗ ಮೂರೂವರೆಗೆ ಹೊಟ್ಟೆ ತುಂಬಾ ತಿನ್ನುತ್ತೇನೆ. ಕಡುಬೋ ರೊಟ್ಟಿಯೋ, ಬೆಳಿಗ್ಗೆಯದ್ದು ಏನಿದ್ದರೂ ಸರಿ. ಮಕ್ಕಳ ತಿಂಡಿ ಮೊದಲೇ ಮೇಜಿನ ಮೇಲಿರುತ್ತದೆ. ತೂಕದ ನಂಬರನ್ನು ಮೇಸ್ತ್ರಿ ಜೋರಾಗಿ ಕೂಗಿ ಹೇಳುತ್ತಾರೆ, ಬಗ್ಗಿ ನೋಡುವ ನೂಕುನುಗ್ಗಲು ಕಮ್ಮಿಯಾಗಿದೆ. ದುಡ್ಡಿನ ಮಾತು ಬಂದರೆ ನನ್ನದು ಒಂದೇ ಉತ್ತರ, "ಏಳು ಗಂಟೆಗೆ ಮಾತಾಡೋಣ." ಇದರಲ್ಲಿ ಯಾವುದೂ ನನ್ನ ಸ್ವಭಾವವನ್ನು ಬದಲಾಯಿಸಿಲ್ಲ. ಅದರ ಮೇಲೆ ಒಟ್ಟಿಗೇ ಬೀಳುತ್ತಿದ್ದ ಭಾರ ಕಮ್ಮಿಯಾಗಿದೆ, ಅಷ್ಟೇ.

ಹಾಗಂತ ಸಿಟ್ಟನ್ನು ನುಂಗಿಕೊಂಡು ನಗುಮುಖ ಮಾಡಿಕೊಂಡಿರಿ ಅಂತ ನಾನು ಹೇಳುತ್ತಿಲ್ಲ. ಸ್ಟ್ಯಾನ್‌ಫರ್ಡ್‌ನ ಜೇಮ್ಸ್ ಗ್ರಾಸ್ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. ಅಸಹ್ಯ ಹುಟ್ಟಿಸುವ ದೃಶ್ಯ ತೋರಿಸಿ, ಮುಖದಲ್ಲಿ ಏನೂ ತೋರಿಸಬೇಡಿ ಅಂತ ಹೇಳಿದರೆ, ಮುಖ ಸುಮ್ಮನಿರುತ್ತದೆ, ಒಳಗಿನ ಭಾವನೆ ಕಮ್ಮಿಯಾಗುವುದಿಲ್ಲ, ದೇಹದ ಒತ್ತಡ ಇನ್ನೂ ಹೆಚ್ಚುತ್ತದೆ. ಹೀಗೆ ಅದುಮಿಕೊಂಡು ಕೂತವರಿಗೆ ಆಗ ನಡೆದದ್ದೂ ಸರಿಯಾಗಿ ನೆನಪಿರುವುದಿಲ್ಲ. ಅದೇ ದೃಶ್ಯವನ್ನು ಬೇರೆ ದೃಷ್ಟಿಯಿಂದ ನೋಡಿ ಅಂತ ಮೊದಲೇ ಹೇಳಿದವರಿಗೆ ಮಾತ್ರ ಒಳಗೂ ಕಮ್ಮಿಯಾಯಿತು. ತೂಕದ ಜಾಗದಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಇದು. ಅರ್ಧ ಕೆ.ಜಿ.ಗೆ ಇಷ್ಟು ವಾದವೇ ಅನ್ನುವ ಜಾಗದಲ್ಲಿ, ಕೆ.ಜಿ. ಲೆಕ್ಕಕ್ಕೆ ಕೊಯ್ಯುವವರಿಗೆ ಅರ್ಧ ಕೆ.ಜಿ. ಅಂದರೆ ಅವರ ಕೂಲಿ ಅಂತ ನೋಡಿದರೆ, ಕಿವಿಯ ಬಿಸಿ ನಿಜಕ್ಕೂ ಇಳಿಯುತ್ತದೆ.

ಇನ್ನೊಂದು ಕಡೆ, "ಒಳಗಿಟ್ಟುಕೊಳ್ಳಬೇಡ, ಕಾರಿಕೊಂಡುಬಿಡು, ಹಗುರಾಗುತ್ತೆ" ಅನ್ನುವವರಿದ್ದಾರೆ. ಇದನ್ನೂ ನಂಬಬೇಡಿ. 2002ರಲ್ಲಿ ಬ್ರ್ಯಾಡ್ ಬುಷ್‌ಮನ್ ಅಮೆರಿಕದ ವಿದ್ಯಾರ್ಥಿಗಳಿಗೆ ಬೇಕೆಂದೇ ಸಿಟ್ಟು ಬರಿಸಿ, ಕೆಲವರಿಗೆ ಆ ಸಿಟ್ಟು ಬರಿಸಿದವನನ್ನೇ ನೆನೆದು ಪಂಚಿಂಗ್ ಬ್ಯಾಗಿಗೆ ಗುದ್ದಲು ಹೇಳಿದರು, ಕೆಲವರನ್ನು ಸುಮ್ನೆ ಕೂರಿಸಿದರು. ಗುದ್ದಿದವರ ಸಿಟ್ಟು ಜಾಸ್ತಿಯಾಯಿತು. ಸುಮ್ಮನೆ ಕೂತವರದ್ದು ಕಮ್ಮಿ ಇತ್ತು. 2024ರಲ್ಲಿ ಅವರೂ ಸೋಫಿ ಶಾರ್ವಿಕ್ ಎಂಬುವರೂ ಸೇರಿ 154 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗಲೂ ಅದೇ ಬಂತು: ಉಸಿರಾಟ, ಧ್ಯಾನ, ಮೈ ಸಡಿಲ ಬಿಡುವುದು, ಹೀಗೆ ದೇಹವನ್ನು ತಣಿಸುವ ಕೆಲಸಗಳಿಂದ ಸಿಟ್ಟು ಇಳಿಯುತ್ತದೆ, ಜೋರಾಗಿ ಓಡುವುದರಿಂದ ಇಳಿಯುವುದಿಲ್ಲ. ನಾನು ತೋಟದೊಳಗೆ ಒಂದು ಸುತ್ತು ಹೋಗುವುದಿದ್ದರೆ ಬೇಕೆಂದೇ ನಿಧಾನವಾಗಿ ಹೋಗುತ್ತೇನೆ, ಉಸಿರು ತೆಗೆದುಕೊಳ್ಳುವುದಕ್ಕಿಂತ ಬಿಡುವುದನ್ನು ಉದ್ದ ಮಾಡುತ್ತೇನೆ. ಜೊತೆಗೆ ಬಾಯಿ ಬಿಟ್ಟು ಹೇಳುತ್ತೇನೆ: "ನನಗೆ ಈಗ ಸಿಟ್ಟು ಬಂದಿದೆ, ಹಸಿವೂ ಆಗಿದೆ." ಭಾವನೆಗೆ ಹೀಗೆ ಹೆಸರಿಟ್ಟರೆ ಅದೇ ಅಮಿಗ್ಡಲಾದ ಅಬ್ಬರ ತಗ್ಗುತ್ತದೆ ಅಂತ 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ತಂಡ ಸ್ಕ್ಯಾನ್ ಮಾಡಿ ತೋರಿಸಿದೆ. ನಮ್ಮ ಮನೆಯಲ್ಲಿ ಇದರಿಂದ ಇನ್ನೊಂದು ಲಾಭವೂ ಆಗಿದೆ, ಸಿಟ್ಟು ಯಾರ ಮೇಲೆ ಅಂತ ಉಳಿದವರು ಊಹೆ ಮಾಡಬೇಕಾಗಿಲ್ಲ.

ಬೇಗ ಏಳುವ ಸ್ವಭಾವ ಬರೀ ತೊಂದರೆ ಅಂತಲೂ ತಿಳಿಯಬೇಡಿ. ಡಿಸೆಂಬರ್‌ನಲ್ಲಿ ಕಣದ ತುಂಬಾ ಕಾಫಿ ಹರಡಿರುವಾಗ ಅಕಾಲ ಮಳೆ ಬಂದರೆ, ತಗಡಿನ ಮೇಲೆ ಮೊದಲ ಹನಿ ಬಿದ್ದ ಸದ್ದಿಗೇ ನಾನು ಅಂಗಳದಲ್ಲಿರುತ್ತೇನೆ. ನಮ್ಮನೆಯವರು ಆಕಾಶ ನೋಡಿ, "ಬರುತ್ತೋ ಇಲ್ವೋ" ಅಂತ ಯೋಚಿಸುವಷ್ಟರಲ್ಲಿ ಟಾರ್ಪಾಲಿನ ಒಂದು ತುದಿ ನನ್ನ ಕೈಯಲ್ಲಿರುತ್ತದೆ. ಅವರ ನಿಧಾನಕ್ಕೂ ಜಾಗ ಇದೆ. ಮೆಣಸು ಯಾವಾಗ ಮಾರಬೇಕು, ಸಾಲ ಎಷ್ಟು ತೆಗೆಯಬೇಕು ಅನ್ನುವುದನ್ನು ನಾನು ಅವರಿಗೇ ಬಿಟ್ಟಿದ್ದೇನೆ.

ಗಂಡ ಹೆಂಡತಿಯ ಸ್ವಭಾವ ಬೇರೆ ಬೇರೆ ಇದ್ದಾಗ ಜಗಳದ ವೇಗವೂ ಬೇರೆ ಇರುತ್ತದೆ. ನನಗೆ ಈಗಲೇ ಮಾತಾಡಿ ಮುಗಿಸಬೇಕು. ಅವರಿಗೆ ಒಂದು ರಾತ್ರಿ ಬೇಕು. ಒತ್ತಾಯ ಮಾಡಿದಷ್ಟೂ ಅವರು ಮೌನವಾಗುತ್ತಾರೆ, ಮೌನವಾದಷ್ಟೂ ನನಗೆ ಏರುತ್ತದೆ. ಮಲಗುವ ಮುಂಚೆ ಜಗಳ ಮುಗಿಸಬೇಕು ಅಂತ ಹಿರಿಯರು ಹೇಳುತ್ತಾರೆ. ನಿಧಾನ ಸ್ವಭಾವದವರಿಗೆ ಈ ಮಾತು ಹಿಂಸೆ. ದಣಿದ ಮೈ, ನಿದ್ದೆ ತುಂಬಿದ ಕಣ್ಣು ಇಟ್ಟುಕೊಂಡು ರಾತ್ರಿ ಹನ್ನೊಂದಕ್ಕೆ ಮಾಡುವ ರಾಜಿ ಬೆಳಗಿನ ಕಾಫಿಯ ತನಕವೂ ನಿಲ್ಲುವುದಿಲ್ಲ. ನಮ್ಮಲ್ಲಿ ಈಗ ಇರುವ ಒಪ್ಪಂದ ಬೇರೆ: ರಾತ್ರಿ ಮಾತು ಬೇಡ, ಆದರೆ ಬೆಳಿಗ್ಗೆ ಅವರೇ ಮಾತು ತೆಗೆಯಬೇಕು. ಅವರೇ ತೆಗೆಯುತ್ತಾರೆ ಅನ್ನುವ ಭರವಸೆ ಇದ್ದರೆ ನನಗೂ ಕಾಯಲು ಆಗುತ್ತದೆ.

ಹೆಣ್ಣುಮಕ್ಕಳಿಗೆ ಒಂದು ಮಾತು ಹೇಳಲೇಬೇಕು. ಗಂಡಸಿಗೆ ಸಿಟ್ಟು ಇದ್ದರೆ "ಖಡಕ್ ಮನುಷ್ಯ" ಅನ್ನುತ್ತಾರೆ. ಅದೇ ಸಿಟ್ಟು ಹೆಂಗಸಿಗಿದ್ದರೆ ಬಜಾರಿ, ಗಯ್ಯಾಳಿ. ಇದರಿಂದ ಆಗುವುದೇನೆಂದರೆ, ಗಂಡಸರು ತಮ್ಮ ಸಿಟ್ಟನ್ನು ಅರ್ಥ ಮಾಡಿಕೊಳ್ಳುವ ಗೋಜಿಗೇ ಹೋಗುವುದಿಲ್ಲ, ಹೆಂಗಸರು ಅದು ಇಲ್ಲವೇ ಇಲ್ಲ ಅಂತ ನಟಿಸುತ್ತಾರೆ. ಇಬ್ಬರಿಗೂ ನಷ್ಟ. ಅದರ ಮೇಲೆ ನೆಂಟರ ಮನೆ ಸಮಾರಂಭಗಳಲ್ಲಿ ಕುಡಿತ ಬೇರೆ ಸೇರುತ್ತದೆ. ಕುಡಿದಾಗ ಮೊದಲು ಸಡಿಲವಾಗುವುದೇ ಆ ತಡೆದು ನಿಲ್ಲಿಸುವ ಶಕ್ತಿ. "ಅವರ ಸ್ವಭಾವವೇ ಹಾಗೆ, ಮನಸ್ಸು ಚಿನ್ನ" ಅಂತ ಮನೆಯವರು ಸಮಜಾಯಿಷಿ ಕೊಡುತ್ತಾ ಇರುತ್ತಾರೆ. ಹೊಡೆಯುವುದು, ಬೆದರಿಸುವುದು ಸ್ವಭಾವ ಅಲ್ಲ. ಅದಕ್ಕೆ ಸ್ವಭಾವದ ಹೆಸರು ಕೊಟ್ಟು ಯಾರೂ ತಪ್ಪಿಸಿಕೊಳ್ಳಬಾರದು.

ಕೊನೆಯದಾಗಿ, ಎಲ್ಲವೂ ಸ್ವಭಾವ ಅಲ್ಲ ಅನ್ನುವುದು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಬಿಸಿಲು ಅಪರೂಪ. ದಿನಗಟ್ಟಲೆ ಕರೆಂಟ್ ಇಲ್ಲ, ಬಟ್ಟೆ ಒಣಗುವುದಿಲ್ಲ, ಎಲ್ಲರೂ ಒಂದೇ ಕೋಣೆಯಲ್ಲಿ. ಆಗಿನ ಕಿರಿಕಿರಿಯನ್ನು ಸ್ವಭಾವದ ಲೆಕ್ಕಕ್ಕೆ ಬರೆಯಬಾರದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು ಕಡೆ ಗುಡ್ಡ ಜಾರಿದ್ದನ್ನು ಕಣ್ಣಾರೆ ಕಂಡವರಲ್ಲಿ, ಮಳೆ ಜೋರಾದರೆ ಎದ್ದು ಕೂರುವವರು, ಸಣ್ಣದಕ್ಕೂ ಸಿಡುಕುವವರು ಇದ್ದಾರೆ. ಅದು ಅವರ ಸ್ವಭಾವ ಅಲ್ಲ, ಅನುಭವಿಸಿದ ಆಘಾತ. ಅದಕ್ಕೆ ಚಿಕಿತ್ಸೆ ಇದೆ. ಎರಡು ವಾರ ದಾಟಿದರೂ ಮನಸ್ಸು ಕುಗ್ಗಿಯೇ ಇದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಡಾಕ್ಟರ ಹತ್ತಿರ ಹೋಗಬೇಕು. ಮೊದಲು ಫೋನಿನಲ್ಲಿ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಇದೆ, ನಂಬರ್ 14416, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಮ್ಮ ಚಿಕ್ಕಮ್ಮ ಒಬ್ಬರು ಜೀವನಪೂರ್ತಿ ತಣ್ಣಗಿದ್ದವರು. ಐವತ್ತರ ಹತ್ತಿರ ಬಂದಾಗ ಇದ್ದಕ್ಕಿದ್ದಂತೆ ಎಲ್ಲರ ಮೇಲೂ ರೇಗಲು ಶುರು ಮಾಡಿದರು. ವಯಸ್ಸಾಯ್ತು, ಸೊಸೆ ಬಂದಳು, ಅದಕ್ಕೇ ಅಂತ ಊರಿನವರೆಲ್ಲ ಒಂದೊಂದು ಕಾರಣ ಹೇಳಿದರು. ಜುಲೈ ಚಳಿಯಲ್ಲೂ ಅವರು ಬೆವರುತ್ತಿದ್ದರು, ಚೆನ್ನಾಗಿ ಉಂಡರೂ ಇಳಿದು ಹೋಗಿದ್ದರು, ಲೋಟ ಹಿಡಿದರೆ ಕೈ ನಡುಗುತ್ತಿತ್ತು. ಇದನ್ನು ಗಮನಿಸಿದ್ದು ಆ ಸೊಸೆಯೇ. ಅವಳೇ ಹಟ ಮಾಡಿ ಮಡಿಕೇರಿಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದಳು. ಥೈರಾಯ್ಡ್ ಜಾಸ್ತಿಯಾಗಿತ್ತು. ಮಾತ್ರೆ ಶುರುವಾಗಿ ಕೆಲವು ತಿಂಗಳಿಗೆ ಚಿಕ್ಕಮ್ಮ ಮೊದಲಿನ ಹಾಗಾದರು, ಈಗಲೂ ಪರೀಕ್ಷೆಗೆ ಅತ್ತೆ ಸೊಸೆ ಒಟ್ಟಿಗೇ ಹೋಗಿ ಬರುತ್ತಾರೆ.